ಅಳದ ತವರ

ಮೊಮ್ಮಗಳ ಮಾತು ಕಡಿಮೆಯಾದಾಗ ಕಲಾಯಿ ತಾತ ಬೈದುಕೊಂಡದ್ದು ತನ್ನ ಕಿವಿಗಳನ್ನೇ. ಎರಡು ವರ್ಷದಿಂದ ಅವು ಒಂದೊಂದೇ ಸದ್ದನ್ನು ಬಿಟ್ಟುಕೊಡುತ್ತಾ ಬಂದಿದ್ದವು. ಮೊದಲು ಹೋದದ್ದು ಗೋಡೆ ಗಡಿಯಾರದ ಟಿಕ್‌ಟಿಕ್. ಆಮೇಲೆ ಹಾಲಿನವನ ಸೈಕಲ್ ಗಂಟೆ, ಹಿತ್ತಿಲ ಗುಬ್ಬಿಗಳು, ಕುಕ್ಕರಿನ ಸೀಟಿ. ಈಗ ಮೊಮ್ಮಗಳ ಸರದಿ ಬಂತು ಅಂದುಕೊಂಡು ಅವನು ಎಡಗಿವಿಗೆ ಕಿರುಬೆರಳು ತೂರಿಸಿ ಗಲಗಲ ಅಲ್ಲಾಡಿಸಿದ. ಏನೂ ಪ್ರಯೋಜನವಾಗಲಿಲ್ಲ.

ಯಾಕೆಂದರೆ ಆ ಹುಡುಗಿ ಸುಮ್ಮನಿರುವ ಪೈಕಿಯೇ ಅಲ್ಲ. ಹನ್ನೊಂದು ವರ್ಷದ ಅವಳು ಬೆಳಗ್ಗೆ ಕಣ್ಣಿಗಿಂತ ಮೊದಲು ಬಾಯಿ ತೆರೆಯುತ್ತಿದ್ದಳು. ಹರಟೆಮಲ್ಲಿ ಎಂದು ಕರೆದು ಕರೆದು ಮನೆಯಲ್ಲಿ ಮಲ್ಲಿ ಎಂದೇ ಆಗಿಹೋಗಿತ್ತು. ಶಾಲೆಯಲ್ಲಿ ಬರೆಸಿದ ಹೆಸರು ತಾತನಿಗೆ ಫಕ್ಕನೆ ನೆನಪಿಗೂ ಬರುತ್ತಿರಲಿಲ್ಲ. ಮಲ್ಲಿಯ ಅಮ್ಮ, ಅಂದರೆ ತಾತನ ಒಬ್ಬಳೇ ಮಗಳು, ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಟೀಚರು. ಅಳಿಯ ಹಡಗಿನ ಕೆಲಸದವನು, ವರ್ಷಕ್ಕೆ ಎರಡು ಸಲ ಮುಖ ತೋರಿಸುತ್ತಿದ್ದ. ಹೀಗಾಗಿ ಶಾಲೆ ಬಿಟ್ಟ ಮೇಲೆ ಅಮ್ಮ ಬರುವ ತನಕ ಮಲ್ಲಿಯ ಠಿಕಾಣಿ ತಾತನ ಶೆಡ್ಡಿನ ಹೊಸ್ತಿಲ ಮೇಲೆ. ಒಲೆ ಉರಿಯುವಾಗ ಒಳಗೆ ಕಾಲಿಡಬಾರದೆಂದು ಅಮ್ಮನ ಅಪ್ಪಣೆಯಾಗಿತ್ತು.

ತಾತನ ಕಸುಬು ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ಕಲಾಯಿ ಹಾಕುವುದು. ಪಾತ್ರೆಯನ್ನು ಕಾಯಿಸಿ, ಕಿಲುಬು ಬಿಡಿಸುವ ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ಒಂದು ಸಲ ಮುಟ್ಟಿಸಿ, ಹತ್ತಿಯಿಂದ ಸರ್ರನೆ ಒರೆಸಿದರೆ ಕರ್ರಗಿದ್ದ ಪಾತ್ರೆಯೊಳಗೆ ಬೆಳ್ಳಿಯ ಬಣ್ಣ ಹರಡಿಬಿಡುತ್ತದೆ. ನೋಡುವವರಿಗೆ ಜಾದೂ, ಮಾಡುವವನಿಗೆ ಸೊಂಟನೋವು. ಆದರೆ ಈ ಕಸುಬಿನ ಅಸಲು ವಿದ್ಯೆ ಇರುವುದು ಕಿವಿಯಲ್ಲಿ. ಅಪ್ಪಟ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಅದು ಕರಕರ ಎಂದು ಸಣ್ಣಗೆ ನರಳುತ್ತದೆ. ಕಸುಬಿನವರು ಅದನ್ನು ತವರ ಅಳುವುದು ಎನ್ನುತ್ತಾರೆ. ಸೀಸ ಬೆರೆತ ತವರ ಅಳುವುದಿಲ್ಲ; ಮೆತ್ತಗೆ, ಸದ್ದಿಲ್ಲದೆ ಬಾಗುತ್ತದೆ. ತಾತನಿಗೆ ಹತ್ತು ವರ್ಷವಿದ್ದಾಗಲೇ ಅವನ ಅಪ್ಪ ಎರಡು ಕಡ್ಡಿ ಬಗ್ಗಿಸಿ ಕೇಳಿಸಿ, "ಅಳೋದನ್ನ ಇಟ್ಕೋ, ಸುಮ್ನಿರೋದನ್ನ ಬಿಸಾಕು. ಅದು ವಿಷ" ಎಂದಿದ್ದ. ಐವತ್ತೈದು ವರ್ಷ ತಾತ ಚಾಚೂ ತಪ್ಪದೆ ಹಾಗೇ ಮಾಡಿಕೊಂಡು ಬಂದಿದ್ದ.

ಅಂಥವನ ಕಿವಿ ಕೆಟ್ಟರೆ ಅವನು ಯಾರ ಮುಂದೆ ಹೇಳಿಯಾನು? ಹೇಳಲಿಲ್ಲ. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ತಾನೇ ಮಾತು ಶುರು ಮಾಡುವುದು, ಕೇಳಿಸದಿದ್ದರೆ ನಕ್ಕು ತಲೆಯಾಡಿಸುವುದು, ಇವೆರಡನ್ನು ಕಲಿತುಕೊಂಡ. ತಲೆಯಾಡಿಸುವವರನ್ನು ಯಾರೂ ಅನುಮಾನಿಸುವುದಿಲ್ಲ. ಹೂಂ ಅನ್ನುವವರನ್ನು ಕಂಡರೆ ಇಡೀ ಲೋಕಕ್ಕೇ ಪ್ರೀತಿ. ಮಗಳು ಕೂಡ "ಅಪ್ಪ ಈಚೆಗೆ ಎಷ್ಟು ಮೆತ್ತಗಾಗಿದ್ದಾನೆ, ಏನು ಹೇಳಿದರೂ ಒಪ್ಪುತ್ತಾನೆ" ಎಂದು ಖುಷಿಪಟ್ಟಿದ್ದಳು.

ಶೆಡ್ಡಿನ ಗೋಡೆಯ ಮೇಲೆ ಧಾತುಗಳ ಪಟ್ಟಿಯೊಂದು ತೂಗುತ್ತಿತ್ತು. ಶಾಲೆಯಲ್ಲಿ ಹಳತಾಯಿತೆಂದು ಎಸೆದದ್ದನ್ನು ಮಗಳು ತಂದಿದ್ದಳು. ಮಲ್ಲಿ ಹೊಸ್ತಿಲಲ್ಲಿ ಕೂತು ಅದನ್ನು ಗಿಣಿಪಾಠ ಒಪ್ಪಿಸುತ್ತಿದ್ದಳು: ತಾಮ್ರ ಇಪ್ಪತ್ತೊಂಬತ್ತು, ತವರ ಐವತ್ತು, ಸೀಸ ಎಂಬತ್ತೆರಡು.

"ತಾತಾ, ಈ ಕಡ್ಡೀನ ಅರ್ಧ ಮಾಡು, ಆ ಅರ್ಧಾನ ಮತ್ತೆ ಅರ್ಧ ಮಾಡು, ಹಂಗೇ ಮಾಡ್ತಾ ಹೋದ್ರೆ ಕೊನೆಗೆ ಏನು ಉಳಿಯುತ್ತೆ ಹೇಳು?"

"ನನ್ನ ಬೆನ್ನುನೋವು."

"ಅಲ್ಲಾ! ಒಂದು ಪರಮಾಣು. ಅದನ್ನೂ ಒಡೆದುಬಿಟ್ರೆ ಅದು ತವರಾನೇ ಅಲ್ಲ."

"ಅಷ್ಟು ಸಣ್ಣ ಕತ್ತರಿ ಯಾವ ಅಂಗಡೀಲಿ ಸಿಗುತ್ತೆ ಮಾರಾಯ್ತಿ?"

ಮಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳ. ಬೆಂಕಿಗೆ ಬಿದ್ದ ಮೇಲೆ ಎಂಥ ಕೊಳೆಯೂ ಸುಟ್ಟುಹೋಗುತ್ತದೆ, ಎಲ್ಲವೂ ಶುದ್ಧವಾಗುತ್ತದೆ ಎಂಬುದು ತಾತನ ನಂಬಿಕೆ. ಧಾತುವನ್ನು ಎಷ್ಟು ಸುಟ್ಟರೂ ಅದರ ಪರಮಾಣು ಅದೇ, ಕರಗಬಹುದು, ಹೊಗೆಯಾಗಬಹುದು, ಬೇರೆಯದರ ಜೊತೆ ಕೂಡಬಹುದು, ಇಲ್ಲದೇ ಹೋಗುವುದಿಲ್ಲ ಎಂಬುದು ಮಲ್ಲಿಯ ವಾದ, ಅಂದರೆ ಅವಳ ಅಮ್ಮನ ವಾದ. "ನಿಮ್ಮಮ್ಮ ಪುಸ್ತಕ ಓದಿದಾಳೆ, ನಾನು ಬೆಂಕಿ ನೋಡಿದೀನಿ" ಎಂದು ತಾತ ಅವಳ ಬಾಯಿ ಮುಚ್ಚಿಸುತ್ತಿದ್ದ.

ಆ ಬಾಯಿ ಈಗ ತಾನಾಗಿಯೇ ಮುಚ್ಚಿಕೊಂಡಿತ್ತು. ಮಲ್ಲಿ ಹೊಸ್ತಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಊಟದ ತಟ್ಟೆಯನ್ನು ಆಚೆ ತಳ್ಳುತ್ತಿದ್ದಳು. ಒಂದು ಸಂಜೆ ತಾತನೇ ಗೋಡೆ ತೋರಿಸಿ, "ಏನೇ, ತವರ ಎಷ್ಟು?" ಎಂದ. ಅವಳ ತುಟಿಯನ್ನೇ ನೋಡುತ್ತಿದ್ದ. ತುಟಿ ಅಲ್ಲಾಡಲಿಲ್ಲ. ಹುಬ್ಬು ಗಂಟಿಕ್ಕಿ ಅವಳು ಪಟ್ಟಿಯನ್ನು ದಿಟ್ಟಿಸಿದಳು, ಆಮೇಲೆ ಅಳಲು ಶುರು ಮಾಡಿದಳು. ತಪ್ಪು ತನ್ನ ಕಿವಿಯದಲ್ಲ, ಮಗುವಿಗೇ ಏನೋ ಆಗಿದೆ ಎಂದು ಅವನಿಗೆ ಅವತ್ತು ಗೊತ್ತಾಯಿತು.

ಡಾಕ್ಟರು ರಕ್ತ ತೆಗೆಸಿದರು. ನಾಲ್ಕನೆಯ ದಿನ ಮಗಳು ಕಾಗದ ತಂದು ಊಟದ ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ತಾತ ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದಿದ. ಸೀಸ, ಅದರ ಮುಂದೊಂದು ಸಂಖ್ಯೆ, ಸಂಖ್ಯೆಯ ಕೆಳಗೆ ಎರಡು ಗೆರೆ.

ಅವತ್ತಿನಿಂದ ಮಗಳು ಮನೆಯನ್ನು ತಲೆಕೆಳಗು ಮಾಡಿದಳು. ಗೋಡೆಯ ಬಣ್ಣ ಕೆರೆದಳು, ನಲ್ಲಿ ಬಿಚ್ಚಿಸಿದಳು, ಮಲ್ಲಿಯ ಬಣ್ಣದ ಪೆಟ್ಟಿಗೆ, ಆಟದ ಸಾಮಾನು ಎಲ್ಲವನ್ನೂ ಮೂಟೆ ಕಟ್ಟಿದಳು. ಒಲೆಯ ಹೊಗೆಯ ಮೇಲೂ ಅವಳ ಕಣ್ಣು ಬಿತ್ತು. "ಅಪ್ಪಾ, ನಿನ್ನ ತವರದಲ್ಲಿ..." ಎಂದು ಕೇಳಹೊರಟವಳು ತಾನೇ ತಲೆ ಕೊಡವಿದಳು. ಅಪ್ಪನ ಕಿವಿ ದಾಟಿ ಕೆಟ್ಟ ತವರ ಆ ಮನೆಯ ಹೊಸ್ತಿಲು ತುಳಿದದ್ದುಂಟೇ? ಅವಳು ಆ ಕಿವಿಯ ಕಥೆಗಳನ್ನು ಕೇಳುತ್ತಲೇ ಬೆಳೆದವಳು. ಕೊನೆಗೆ ಅವಳ ಬೆರಳು ಅವಳ ಕಡೆಗೇ ತಿರುಗಿತು. ಶಾಲೆಯ ಪ್ರಯೋಗಶಾಲೆಯಲ್ಲಿ ಸೀಸದ ಲವಣಗಳ ಬಾಟಲಿಗಳಿದ್ದವು. ಆ ಧೂಳು ತನ್ನ ಬಟ್ಟೆಗೆ ಅಂಟಿ ಮನೆಗೆ ಬಂದಿದೆ ಎಂದು ತೀರ್ಮಾನಿಸಿಬಿಟ್ಟಳು. ಸಂಜೆ ಬಂದವಳೇ ನೇರ ಬಚ್ಚಲಿಗೆ ಹೋಗಿ ಚರ್ಮ ಕಿತ್ತುಬರುವಂತೆ ಉಜ್ಜಿಕೊಳ್ಳುತ್ತಿದ್ದಳು. ಅಲ್ಲಿಯವರೆಗೆ ಮಗುವನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಮಲ್ಲಿ ಬಚ್ಚಲ ಬಾಗಿಲ ಹೊರಗೆ ಗೋಡೆಗೆ ಆತುಕೊಂಡು ಕಾಯುತ್ತಿದ್ದಳು.

ಬೆಳಗ್ಗೆ ಮಗುವಿಗೆ ಬಿಸಿನೀರಿಗೆ ನಿಂಬೆರಸ ಹಿಂಡಿ ಕೊಡುವುದು ಆ ಮನೆಯ ಪದ್ಧತಿ. ಕಾಯಿಲೆ ಬಂದ ಮೇಲೆ ಮಗಳು ಒಂದು ಲೋಟಕ್ಕೆ ಎರಡು ಲೋಟ ಕುಡಿಸತೊಡಗಿದ್ದಳು, ಮೈಯ ವಿಷ ತೊಳೆದುಹೋಗಲಿ ಎಂದು. ಒಂದು ಬೆಳಗ್ಗೆ ಅವಳು ಜಗ್ಗು ಬಗ್ಗಿಸಿ ಲೋಟಕ್ಕೆ ಹುಯ್ಯುವಾಗ ತಾತನ ಕಣ್ಣು ಜಗ್ಗಿನ ಒಳಕ್ಕೆ ಹೋಯಿತು. ಅದು ತಾಮ್ರದ ಜಗ್ಗು. ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಮಲ್ಲಿಗೆಂದು ಅವನೇ ಕಲಾಯಿ ಹಾಕಿ ಕೊಟ್ಟದ್ದು. ಊರವರ ಪಾತ್ರೆಗೆ ಒಂದು ಕೈ ಬಳಿದರೆ ಮೊಮ್ಮಗಳದ್ದಕ್ಕೆ ಎರಡು ಕೈ ಬಳಿದಿದ್ದ. ಅದರ ಒಳಮೈ ಬೂದಿಬಣ್ಣಕ್ಕೆ ತಿರುಗಿ, ನಿಂಬೆರಸ ನಿಲ್ಲುವ ಮಟ್ಟದವರೆಗೆ ಮಸುಕಾಗಿತ್ತು. ಅವನ ತವರ ಆರೇ ತಿಂಗಳಿಗೆ ಹೀಗೆ ಸೋತದ್ದೇ ಇಲ್ಲ.

ಆರು ತಿಂಗಳ ಹಿಂದಿನ ಒಂದು ಮಧ್ಯಾಹ್ನ ಅವನ ಕಣ್ಣಮುಂದೆ ಬಂತು. ಹಳೆಯ ತವರದ ವ್ಯಾಪಾರಿ ಅಂಗಡಿ ಮುಚ್ಚಿದ್ದ. ತಾತ ಗೂಡ್ಸ್ ಶೆಡ್ಡಿನ ಪಕ್ಕದ ಹೊಸ ಅಂಗಡಿಗೆ ಹೋಗಿದ್ದ. ಅಂಗಡಿಯವನು ಕಡ್ಡಿ ಕೈಗಿತ್ತು, "ನೀವೇ ಬಗ್ಗಿಸಿ ನೋಡಿ ಯಜಮಾನ್ರೇ, ನಿಮ್ಮ ಕಿವಿಗಿಂತ ತಕ್ಕಡಿ ಉಂಟಾ?" ಎಂದಿದ್ದ. ಅಂಗಡಿಯ ಮುಂದೆ ಇನ್ನೂ ನಾಲ್ಕು ಜನ ಕಸುಬಿನವರು ನಿಂತಿದ್ದರು. ತಾತ ಕಡ್ಡಿಯನ್ನು ಕಿವಿಗೆ ಹಿಡಿದು ಬಗ್ಗಿಸಿದ. ಏನೂ ಕೇಳಿಸಲಿಲ್ಲ. "ಅಳ್ತಾ ಯಜಮಾನ್ರೇ?" ಎಂದು ಅಂಗಡಿಯವನು ಹುಬ್ಬು ಹಾರಿಸಿದ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ತಾತ ನಕ್ಕು ತಲೆಯಾಡಿಸಿದ. ಒಂದು ಮಣ ಕಟ್ಟಿಸಿಕೊಂಡು ಬಂದ. ಶೆಡ್ಡಿಗೆ ತಂದು ಕಾಯಿಸಿದಾಗ ಅದು ಬೆಣ್ಣೆಯ ಹಾಗೆ ಬೇಗ ಕರಗಿತ್ತು, ಒಳ್ಳೆಯ ಮಾಲು ಎಂದು ಹಿಗ್ಗಿದ್ದ; ಬೇಗ ಕರಗುವುದೂ ಸೀಸದ ಗುರುತೆಂದು ಆಗ ಹೊಳೆದಿರಲಿಲ್ಲ.

"ನಿಲ್ಲು!" ಎಂದು ತಾತ ಕೂಗಿ ಲೋಟ ಕಿತ್ತುಕೊಂಡ. "ಇರುವೆ ಬಿದ್ದಿದೆ." ನೀರನ್ನು ಚೆಲ್ಲಿ, ಜಗ್ಗನ್ನು ತೊಳೆಯುವ ನೆಪದಲ್ಲಿ ಎತ್ತಿಕೊಂಡು ಹೋಗಿ ಶೆಡ್ಡಿನ ಇದ್ದಿಲಿನ ಚೀಲದ ಹಿಂದೆ ಬಚ್ಚಿಟ್ಟ. ಅಡುಗೆಮನೆಯ ಉಳಿದ ಪಾತ್ರೆಗಳನ್ನೂ ಕಲಾಯಿಗೆಂದು ಹೊತ್ತೊಯ್ದು ಸ್ಟೀಲಿನವು ತಂದಿಟ್ಟ. ಮಗಳು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ಮಗು ಇನ್ನು ಆ ವಿಷ ಕುಡಿಯುವುದಿಲ್ಲ, ಕ್ರಮೇಣ ಹುಷಾರಾಗುತ್ತದೆ, ಯಾರಿಗೂ ಏನೂ ತಿಳಿಯಬೇಕಾಗಿಲ್ಲ ಎಂದು ತನಗೇ ಹೇಳಿಕೊಂಡ. ನಾಚಿಕೆಗೇಡು ಅಂದರೆ ಇದೇ. ಆದರೆ ಐವತ್ತೈದು ವರ್ಷ ಕಟ್ಟಿದ ಮರ್ಯಾದೆ ಕಣ್ಣಮುಂದೆ ಬೀಳುವಾಗ ಮನುಷ್ಯ ಅದನ್ನು ಹಿಡಿಯಲು ಕೈ ಚಾಚದೆ ಇರುವುದೂ ಕಷ್ಟ.

ಆದರೂ ಮನಸ್ಸು ತಡೆಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಒಲೆ ಹೊತ್ತಿಸದೆ ಮಲ್ಲಿಯನ್ನು ಕರೆದ. ಅಪ್ಪನ ಕಾಲದ ಒಂದು ತುಂಡು ತವರ ಪೆಟ್ಟಿಗೆಯಲ್ಲಿತ್ತು. ಅದನ್ನು ಅವಳ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ.

ಮಲ್ಲಿ ಎಷ್ಟೋ ದಿನಗಳ ಮೇಲೆ ನಕ್ಕಳು. "ಕರಕರ ಅನ್ನುತ್ತೆ ತಾತಾ!"

ಹೊಸ ಕಡ್ಡಿಯನ್ನು ಹಿಡಿದು ಬಗ್ಗಿಸಿದ. ಮಲ್ಲಿ ಕಣ್ಣು ಮುಚ್ಚಿಕೊಂಡು ಕಾದಳು. ಮತ್ತೆ ಬಗ್ಗಿಸಿದ. ಅವಳು ಕಣ್ಣು ಬಿಟ್ಟು ಅಡ್ಡಡ್ಡ ತಲೆಯಾಡಿಸಿದಳು.

ಅವತ್ತು ಮಲ್ಲಿಯನ್ನು ಮನೆಯೊಳಗೆ ಕಳಿಸಿ ತಾತ ಶೆಡ್ಡಿನ ಬಾಗಿಲು ಹಾಕಿಕೊಂಡ. ಕಡ್ಡಿಯನ್ನು ಕರಗಿಸಿ, ಮೇಲೆ ಬಂದ ಬೂದುಬಣ್ಣದ ಕೆನೆ ತೆಗೆದುಬಿಸಾಕಿ, ಅಚ್ಚಿಗೆ ಹುಯ್ದ. ಮತ್ತೆ ಕರಗಿಸಿದ, ಮತ್ತೆ ಹುಯ್ದ. ಮೂರನೆಯ ಸಲ ಒಲೆಯನ್ನು ತಿದಿ ಒತ್ತಿ ಒತ್ತಿ ಕೆಂಡಾಮಂಡಲ ಮಾಡಿದ. ಬೆಂಕಿ ಎಂದೂ ಅವನ ಕೈಬಿಟ್ಟಿರಲಿಲ್ಲ. ಸೀಸವನ್ನು ಸುಟ್ಟುಹಾಕಿದರೆ ಉಳಿಯುವುದು ತವರ ತಾನೇ? ಆಮೇಲೆ ಅದೇ ತವರದಿಂದ ಎಲ್ಲ ಪಾತ್ರೆಗಳನ್ನೂ ಗುಟ್ಟಾಗಿ ಸರಿಮಾಡಿಬಿಡಬಹುದು. ಬೆವರಿನಲ್ಲಿ ತೊಯ್ದುಹೋಗಿ, ಒಲೆ ಆರಿಸಿ, ತಣ್ಣಗಾದ ಕಡ್ಡಿಯನ್ನು ಹಿಡಿದು ಮನೆಯೊಳಗೆ ಬಂದು ಮಲ್ಲಿಯ ಕಿವಿಗೆ ಹಿಡಿದ.

"ಈಗ?"

ಇಲ್ಲ ಎಂದಳು. ತಾತ ಮತ್ತೊಮ್ಮೆ ಬಗ್ಗಿಸಿದ. ಮಲ್ಲಿ ಅವನ ಕೈಯನ್ನು ನೋಡಿದಳು, ಕಡ್ಡಿಯನ್ನು ನೋಡಿದಳು. ನಿಧಾನವಾಗಿ, ಮರೆತ ಪಾಠವನ್ನು ಹುಡುಕಿ ತೆಗೆಯುವವಳಂತೆ ಹೇಳಿದಳು, "ಸುಟ್ರೆ ಹೋಗಲ್ಲ ತಾತಾ. ಸೀಸ ಧಾತು." ಆಮೇಲೆ ಕೇಳಿದಳು, "ನನ್ನ ಜಗ್ಗಿಗೆ ಹಾಕಿದ್ದು ಇದೇನಾ?"

ಈ ಮಾತನ್ನು ಅವಳು, ಇನ್ನೂ ಅಷ್ಟಿಷ್ಟು ಕೇಳುತ್ತಿದ್ದ ಅವನ ಬಲಗಿವಿಗೆ ಬಾಯಿ ಹಚ್ಚಿ ಕೇಳಿದ್ದಳು. ಒಂದೊಂದು ಅಕ್ಷರವೂ ಕೇಳಿಸಿತು. ಮಲ್ಲಿ ಅವನ ಕೊರಳಿಗೆ ಕೈ ಹಾಕಿ ಮತ್ತೆ ಅದೇ ಕಿವಿಗೆ ಬಾಯಿ ಹಚ್ಚಿದಳು.

"ಅಮ್ಮಂಗೆ ಹೇಳಲ್ಲ ತಾತಾ. ನಿಂಗೆ ಕಿವಿ ಕೇಳಲ್ಲ ಅಂತ ನಂಗೆ ಆವಾಗಿಂದ ಗೊತ್ತು. ಅದನ್ನೂ ಯಾರಿಗೂ ಹೇಳಿಲ್ಲ."

ಈ ಮಗು ತನ್ನ ಮಾನ ಕಾಯುತ್ತಾ ಕೂತಿತ್ತು, ತಾನು ಅದಕ್ಕೆ ವಿಷ ಬಳಿದುಕೊಟ್ಟಿದ್ದ. ಸಂಜೆ ಮಗಳು ಬಂದು ಬಚ್ಚಲ ಕಡೆ ಹೊರಟಾಗ ಅವನು ಅಡ್ಡ ನಿಂತ. "ಉಜ್ಕೋಬೇಡಮ್ಮ. ನೀನಲ್ಲ. ನಾನು." ಎಂದು ಜಗ್ಗನ್ನು ಮುಂದೆ ಹಿಡಿದ. ನಿಂತಲ್ಲೇ ಎಲ್ಲವನ್ನೂ ಹೇಳಿದ. ಅಂಗಡಿಯವನ ಪ್ರಶ್ನೆ, ತನ್ನ ತಲೆಯಾಡಿಸುವಿಕೆ, ಇರುವೆಯ ಸುಳ್ಳು, ಯಾವುದನ್ನೂ ಬಿಡಲಿಲ್ಲ.

ಮಗಳು ಮೊದಲು ಓಡಿಹೋಗಿ ಮಲ್ಲಿಯನ್ನು ಅಪ್ಪಿಕೊಂಡಳು, ಶಾಲೆಯ ಬಟ್ಟೆಯಲ್ಲೇ, ಎಷ್ಟೋ ಹೊತ್ತು.

ಮಾರನೆಯ ದಿನ ಭಾನುವಾರ. ಖಾಲಿ ಶಾಲೆಯ ಪ್ರಯೋಗಶಾಲೆಗೆ ಅವಳು ಅಪ್ಪನನ್ನು ಕರೆದುಕೊಂಡು ಹೋದಳು. ಜಗ್ಗಿನ ಒಳಮೈ ಕೆರೆದ ಪುಡಿಯನ್ನು ಆಮ್ಲದಲ್ಲಿ ಕಾಯಿಸಿದಳು. ತವರ ಬಿಳಿಯ ಪುಡಿಯಾಗಿ ತಳದಲ್ಲಿ ಕೂತಿತು. ಮೇಲಿನದನ್ನು ಸೋಸಿ, ನೀರು ಬೆರೆಸಿ, ಸೀಸವಿದ್ದರೆ ಹಳದಿಯಾಗುತ್ತದೆ ಎಂದು ಅವನ ಬಲಗಿವಿಗೆ ಹೇಳಿ, ಬೇರೊಂದು ಬಾಟಲಿಯಿಂದ ನಾಲ್ಕು ಹನಿ ಬಿಟ್ಟಳು. ತಿಳಿನೀರಿನಂತಿದ್ದದ್ದು ಕ್ಷಣದಲ್ಲಿ ಹಳದಿಯಾಯಿತು, ಅರಿಸಿನ ಕಲಕಿದ ಹಾಗೆ. ಪ್ರತಿ ವರ್ಷ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದ ಪ್ರಯೋಗ ಅದು. ತಾತನಿಗೆ ಅದು ಸೀಸ ಎಂದು ಮತ್ತೆ ಯಾರೂ ಹೇಳಬೇಕಾಗಲಿಲ್ಲ.

ಮಗಳು ಕಿಟಕಿಯ ಕಡೆ ತಿರುಗಿ ಏನೋ ಹೇಳಿದಳು. ಅವಳ ಭುಜ ಅಲುಗುವುದು ಮಾತ್ರ ಅವನಿಗೆ ಕಂಡಿತು. ಅವಳು ತಿರುಗಿ ನೋಡಿ, ಅವನಿಗೆ ಕೇಳಿಸಿಲ್ಲವೆಂದು ಅರಿತು, ಚಾಕ್‌ಪೀಸ್ ತೆಗೆದುಕೊಂಡು ಕರಿಹಲಗೆಯ ಮೇಲೆ ಬರೆದಳು: "ಎಷ್ಟು ಮನೆ?"

ಪಾತ್ರೆಗಳ ಲೆಕ್ಕ ತಾತನಿಗೆ ಬೆರಳ ತುದಿಯಲ್ಲಿತ್ತು. "ಅರವತ್ಮೂರು" ಎಂದ. ಮಗಳ ಕೈ ಹಲಗೆಯ ಮೇಲೆ ನಿಂತೇಬಿಟ್ಟಿತು. ಆಮೇಲೆ ಬರೆದಳು: "ಮಕ್ಕಳಿರುವ ಮನೆ ಮೊದಲು."

ವಾಪಸ್ಸು ಬರುವಾಗ ತಾತ ದಾರಿಯಲ್ಲಿ ನಿಂತ. "ನಮ್ಮ ಮಲ್ಲಿ ಮೈಯಿಂದ ಅದು ಹೋಗುತ್ತಾ?"

ಮಗಳು ಅವನ ಬಲಗಡೆಗೆ ಬಂದು ಜೋರಾಗಿ ಹೇಳಿದಳು, "ರಕ್ತದಲ್ಲಿರೋದು ನಿಧಾನಕ್ಕೆ ಇಳಿಯುತ್ತಂತೆ ಅಪ್ಪಾ. ಮೂಳೆಗೆ ಸೇರಿದ್ದು ವರ್ಷಗಟ್ಟಲೆ ಅಲ್ಲೇ ಇರುತ್ತಂತೆ."

"ಮರೆತಿದ್ದು ನೆನಪಾಗುತ್ತಾ?"

"ಗೊತ್ತಿಲ್ಲ." ಸ್ವಲ್ಪ ದೂರ ನಡೆದ ಮೇಲೆ ಅವಳು ಕೇಳಿದಳು, "ಕಿವಿ ಕೇಳಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತಪ್ಪಾ? ಯಾರು ನಗ್ತಿದ್ರು?" ಇದಕ್ಕೆ ತಾತ ತಲೆಯಾಡಿಸುವ ಹಾಗಿರಲಿಲ್ಲ.

ಅವತ್ತು ಮಧ್ಯಾಹ್ನವೇ ಕೈಗಾಡಿ ತಳ್ಳಿಕೊಂಡು ಹೊರಟ. ಪಾತ್ರೆಗಳನ್ನೆಲ್ಲ ವಾಪಸ್ಸು ತರಬೇಕು, ಬಳಿದದ್ದನ್ನು ಕೆರೆದು ತೆಗೆಯಬೇಕು, ಮಕ್ಕಳಿಗೆ ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಬೇಕು. ಮೊದಲ ಬೀದಿಯಲ್ಲಿ ದರ್ಜಿಯ ಮನೆ. ದರ್ಜಿಯ ಹೆಂಡತಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಾಗಿಲು ತೆರೆದಳು. ಸದಾ ಮೆಲ್ಲಗೆ ಮಾತಾಡುವ ಹೆಂಗಸು.

"ಆರು ತಿಂಗಳಿಂದ ನಾನು ಹಾಕಿರೋ ಕಲಾಯಿ ಕೆಟ್ಟದ್ದು ತಾಯೀ" ಎಂದ ತಾತ. "ಅದರಲ್ಲಿ ಸೀಸ ಇದೆ. ವಿಷ. ನನ್ನ ಮೊಮ್ಮಗಳಿಗೇ ತಾಗಿದೆ. ನಿಮ್ಮ ಪಾತ್ರೆ ಕೊಟ್ಟುಬಿಡಿ."

ಅವಳು ಅವನನ್ನೇ ನೋಡಿದಳು. ಒಳಗೆ ಹೋಗಿ ಒಂದು ಚಿಕ್ಕ ಹಿತ್ತಾಳೆಯ ಪಾತ್ರೆ ತಂದಳು. ಕೊಡುವ ಮೊದಲು ಅದನ್ನು ಎದೆಗೊತ್ತಿ ಹಿಡಿದು ಏನೋ ಕೇಳಿದಳು. ತುಟಿ ಅಲುಗಿತು, ದನಿ ಅವನವರೆಗೆ ಬರಲಿಲ್ಲ. ಅಭ್ಯಾಸಬಲ, ತಾತನ ಮುಖದಲ್ಲಿ ನಗು ಮೂಡಿ ತಲೆ ತಾನಾಗಿಯೇ ಆಡತೊಡಗಿತು. ಅವಳ ಮುಖದಲ್ಲಿ ನೆಮ್ಮದಿ ಮೂಡಿದ್ದನ್ನು ಕಂಡು ಅವನು ಎರಡೂ ಕೈಯಲ್ಲಿ ತನ್ನ ತಲೆಯನ್ನು ಹಿಡಿದು ನಿಲ್ಲಿಸಿಕೊಂಡ.

"ಇಲ್ಲ, ಇಲ್ಲ ತಾಯೀ" ಎಂದ, ಬೀದಿಗೆಲ್ಲ ಕೇಳುವಂತೆ. "ನನಗೆ ಕಿವಿ ಕೇಳಲ್ಲ. ಎರಡು ವರ್ಷದಿಂದ ಕೇಳಲ್ಲ. ನೀವು ಕೇಳಿದ್ದು ನನಗೆ ಗೊತ್ತಾಗಲಿಲ್ಲ. ಜೋರಾಗಿ ಹೇಳಿ."

ದರ್ಜಿಯ ಹೆಂಡತಿ ಕೂಸನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಜನ್ಮದಲ್ಲಿ ಎಂದೂ ದನಿ ಎತ್ತದವಳು ಎತ್ತಿ ಕೂಗಿದಳು. ಎದುರುಮನೆಯವರು ಬಾಗಿಲಿಗೆ ಬಂದರು.

"ನಮ್ಮ ಮಗೂಗೆ ಇದ್ರಲ್ಲೇ ಹಾಲು ಕಾಯಿಸಿ ಕುಡಿಸ್ತಾ ಇದ್ದೆ ತಾತಾ. ಏನೂ ಆಗಲ್ಲ ತಾನೇ?"